ನೀರುನಾಯಿಯ ಒಂಟಿ ಕಣ್ಣು

ಚಿತ್ರದಲ್ಲಿದ್ದ ನೀರುನಾಯಿಯ ಮೂತಿಯ ಮೇಲೊಂದು ಕರಿ ಚುಕ್ಕೆ ಇತ್ತು. ನೊಣದ ಹಿಕ್ಕೆಯೆಂದು ಅಳಿಯ ಅದನ್ನು ಉಗುರಿನಿಂದ ಕೆರೆದ. ಪಕ್ಕಕ್ಕೆ ತಿರುಗಿ ಕೂತಿದ್ದ ಆ ಪ್ರಾಣಿಗೆ ಇದ್ದದ್ದು ಅದೊಂದೇ ಕಣ್ಣು ಎಂದು ಗೊತ್ತಾಗುವಷ್ಟರಲ್ಲಿ ಕಣ್ಣು ಉಗುರಿನ ಸಂದಿ ಸೇರಿತ್ತು.

ಮಾವ ಪ್ರಾಯದಲ್ಲಿ ಸೊಂಟಮಟ್ಟ ನೀರಲ್ಲಿ ನಿಂತು ಬರೆದ ಜಲವರ್ಣ ಚಿತ್ರವಂತೆ ಅದು. ಒಂಬತ್ತು ವರ್ಷದಿಂದ ಆ ಕತೆ ಕೇಳಿ ಕೇಳಿ ಅಳಿಯನಿಗೇ ಶೀತ ಹಿಡಿದಿತ್ತು. ಮಾವನ ಮಹಡಿಯಲ್ಲೇ ಸಂಸಾರ ಹೂಡಿದವನು ಕೇಳದೆ ಇನ್ನೇನು ಮಾಡಿಯಾನು! ಈಗ ಹೆಂಡತಿ ಅಪ್ಪನ ಮೇಲಿನ ಅಭಿಮಾನದಿಂದ ಬೆಲೆ ಕಟ್ಟುವ ತಜ್ಞೆಯೊಬ್ಬರನ್ನು ಕರೆಸಿದ್ದಳು. "ಕಲೆಗೆಲ್ಲ ಬೆಲೆ ಕಟ್ಟಬಾರದಮ್ಮಾ" ಎಂದು ಮಾವ ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಕೊನೆಗೆ ಅವರು ಸಿಟ್ಟನ್ನೆಲ್ಲ ಅಳಿಯನ ಮೇಲೆ ತೀರಿಸಿಕೊಂಡರು: "ಅವರಿಗೆ ತೋರಿಸೋಕೆ ಅಂತ ಗಾಜು ಬಿಚ್ಚುವಾಗ ಚಿತ್ರಕ್ಕೆ ಏನಾದ್ರೂ ಆಯ್ತೋ, ಮಹಡಿ ಖಾಲಿ ಮಾಡಿ!"

ತಜ್ಞೆ ಬರುವುದು ನಾಲ್ಕಕ್ಕೆ. ಈಗ ಮೂರೂವರೆ.

"ಕೆರೀರಿ ಅಂದಿದ್ದು ನೀವೇ ಅಲ್ವಾ ಸಾರ್?" ಅಳಿಯ ಅಳುವುದೊಂದು ಬಾಕಿ.

"ಮೆಲ್ಲಗೆ ಅಂದಿದ್ದೆ," ಎಂದರು ಗಾಜು ಬಿಚ್ಚಲು ನೆರವಿಗೆ ಬಂದಿದ್ದ ಪಕ್ಕದ ಮನೆಯ ನಿವೃತ್ತ ಕಂಪೌಂಡರ್. "ಇರಲಿ, ನಿಮ್ಮ ಮಗಳ ಬಣ್ಣದ ಡಬ್ಬಿ ತನ್ನಿ. ಒಂದು ಚುಕ್ಕೆ ತಾನೇ!"

ಮೊದಲ ಚುಕ್ಕೆ ದೊಡ್ಡದಾಯಿತು. ನೀರುನಾಯಿ ದೆವ್ವ ಕಂಡಂತೆ ನೋಡತೊಡಗಿತು. ಒದ್ದೆ ಹತ್ತಿಯಿಂದ ಒತ್ತಿ ತೆಗೆದರು. ಎರಡನೆಯದು ಕಿವಿಯ ಹತ್ತಿರ ಹೋಯಿತು. ಅದನ್ನೂ ಒರೆಸಿದರು.

"ಇಷ್ಟು ಒರೆಸಿದ್ರೂ ಮಿಕ್ಕ ಬಣ್ಣ ಅಲ್ಲಾಡಲಿಲ್ಲ ನೋಡಿ. ಹಳೇ ಕಾಲದ ಮಾಲು!" ಎಂದು ಕಂಪೌಂಡರ್ ತಲೆದೂಗಿದರು.

"ರೀ, ಅವರು ಬಂದ್ರು! ಅಪ್ಪನ ಜೊತೆ ಮೆಟ್ಟಿಲು ಹತ್ತುತ್ತಿದ್ದಾರೆ!" ಹೆಂಡತಿ ಓಡಿಬಂದಳು.

ಅಳಿಯ ಕುಂಚವನ್ನು ಮತ್ತೆ ಬಣ್ಣದಲ್ಲಿ ಅದ್ದಿದ. ಉಸಿರು ಬಿಗಿಹಿಡಿದು ಕುಂಚ ತಾಗಿಸಿದ. ಚುಕ್ಕೆ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು. ಅದನ್ನು ಊದಿ ಊದಿ ಒಣಗಿಸುವ ಹೊತ್ತಿಗೆ ಬಾಗಿಲು ತೆರೆಯಿತು.

ತಜ್ಞೆ ಭೂತಗನ್ನಡಿ ಹಿಡಿದು ಬಗ್ಗಿದರು. ಬಾಲ ನೋಡಿದರು, ಬಂಡೆ ನೋಡಿದರು, ಮೂತಿಯ ಹತ್ತಿರ ಬಂದು ನಿಂತೇಬಿಟ್ಟರು. ಅಳಿಯನ ಬೆನ್ನಲ್ಲಿ ಬೆವರು ಇಳಿಯಿತು. ಯಾಕೋ ಮಾವನೂ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

"ಈ ಕಣ್ಣು..." ಎಂದರು ತಜ್ಞೆ.

ಅಳಿಯ ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದ.

"ಕಣ್ಣೊಂದನ್ನೇ ಕೈಯಲ್ಲಿ ಬರೆದಿರೋದು. ಮಿಕ್ಕಿದ್ದೆಲ್ಲ ಅಚ್ಚು. ಯಾವುದೋ ಕ್ಯಾಲೆಂಡರಿಂದ ಕತ್ತರಿಸಿದ್ದು. ಬೆಲೆ ಏನೂ ಬರಲ್ಲ."

ಹೆಂಡತಿ ಅಪ್ಪನ ಮುಖ ನೋಡಿದಳು. ಅಪ್ಪ ಸೂರು ನೋಡಿದರು.

"ಆದರೆ ಕಣ್ಣಲ್ಲಿ ಜೀವ ಇದೆ," ಎಂದರು ತಜ್ಞೆ. "ಬಣ್ಣ ಚೂರೂ ಮಾಸಿಲ್ಲ. ನಿನ್ನೆ ಮೊನ್ನೆ ಬರೆದ ಹಾಗಿದೆ."

ಮಾವನ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

"ಬಿಸಿಲು ಸೋಕಿಸದೆ ಕಾಪಾಡಿದೀನಿ," ಎಂದರು ಗಂಟಲು ಸರಿಮಾಡಿಕೊಂಡು. "ಕಣ್ಣು ಬರೆಯೋದೇ ಕಷ್ಟ ತಾಯಿ. ಮಿಕ್ಕಿದ್ದನ್ನ ಯಾರು ಬೇಕಾದ್ರೂ ಮಾಡ್ತಾರೆ."

ಅಳಿಯ ಬಾಯಿ ತೆರೆದ. ಮಹಡಿ ನೆನಪಾಗಿ ಮುಚ್ಚಿಕೊಂಡ. ಕಂಪೌಂಡರ್ ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಆದರೆ ಆ ಬಾಯಿ ತೆರೆದದ್ದು ಮಾವನ ಕಣ್ಣಿಗೆ ಬಿದ್ದಿತ್ತು. ಅವರಿಗೆ ಕನಿಕರ ಉಕ್ಕಿಬಂತು.

"ಹಾಗೆ ಬಾಯಿ ಬಿಡಬೇಡಿ ಅಳಿಯಂದ್ರೇ. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಕೆಳಗೆ ಬನ್ನಿ. ಕಣ್ಣು ಬರೆಯೋದು ಹೇಗೆ ಅಂತ ನಿಮಗೂ ಕಲಿಸ್ತೀನಿ."