ಕರೆಂಟು ಹೋದ ದಿನದ ನುಚ್ಚಿನುಂಡೆ

ಬೆಳಿಗ್ಗೆ ಕರೆಂಟು ಹೋದಾಗ ನಾಗಾರ್ಜುನನ ಮನೆಯ ಮಿಕ್ಸಿಯಲ್ಲಿ ನೆನೆದ ತೊಗರಿಬೇಳೆ ಎರಡು ಸುತ್ತು ತಿರುಗಿ ನಿಂತುಬಿಟ್ಟಿತು. ಮಧ್ಯಾಹ್ನ ಅವನ ಗೈಡು ರುದ್ರಸ್ವಾಮಿಯವರು ಬೋಗಾದಿಯ ಈ ಬಾಡಿಗೆ ಮನೆಗೆ ಬರುವವರಿದ್ದರು. ಒಂದು ಮನೆಯಲ್ಲಿ ನೀರು, ಕರೆಂಟು, ಊಟ ಒಂದಕ್ಕೊಂದು ಹೇಗೆ ತಗಲಿಕೊಂಡಿರುತ್ತವೆ ಎಂಬುದೇ ಅವನ ಸಂಶೋಧನೆ. ವರ್ಷಗಟ್ಟಲೆ ಎಳೆದಾಡಿದ್ದ ಆ ಪ್ರಬಂಧಕ್ಕೆ ಇನ್ನು ಗೈಡಿನ ಸಹಿ ಬಿದ್ದರೆ ಮುಗಿಯಿತು. ಸಹಿಗೆ ಮುಂಚೆ ಬಿಸಿ ನುಚ್ಚಿನುಂಡೆ ಬಡಿಸಬೇಕೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು.

"ಕೆಳಗಡೆ ಗಿರಿಜಾಂಬಾ ಅವರ ಒರಳಲ್ಲಿ ರುಬ್ಕೊಂಡು ಬನ್ರೀ," ಎಂದಳು ಹೆಂಡತಿ ಶಿವಾನಿ.

ಮನೆಯೊಡತಿ ಗಿರಿಜಾಂಬಾ ಇಲ್ಲವೆನ್ನಲಿಲ್ಲ. "ಒರಳು ಧೂಳು ಹಿಡ್ದೈತೆ, ತೊಳ್ಕೊಳಪ್ಪ. ನೀರು ಮಾತ್ರ ನಮ್ಮನೇಲಿ ಇಲ್ಲ. ಬೋರ್‌ವೆಲ್ ಮೋಟ್ರು ಓಡಿದ್ರಲ್ವಾ ಟ್ಯಾಂಕಿಗೆ ಏರೋದು?"

ನಾಗಾರ್ಜುನ ಮನೆಯಲ್ಲಿ ಉಳಿದಿದ್ದ ಒಂದೇ ಬಿಂದಿಗೆ ನೀರನ್ನು ಮೇಲಿಂದ ಹೊತ್ತು ತಂದ. ಒರಳು ಲಕಲಕ ಅಂದಿತು, ಬಿಂದಿಗೆ ಮುಕ್ಕಾಲು ಖಾಲಿಯಾಯಿತು. ಗುಂಡುಕಲ್ಲು ತಿರುಗಿಸಿ ಅಭ್ಯಾಸವಿರಲಿಲ್ಲ. ಬೇಳೆ ಚಿಮ್ಮಿ ಚಿಮ್ಮಿ ಅವನು ಅರಿಸಿನ ಶಾಸ್ತ್ರ ಮುಗಿಸಿದ ಮದುವೆಗಂಡಿನಂತಾದ. ಪಕ್ಕದ ಮನೆಯ ಕರಿಬಸವಯ್ಯ ಕಾಂಪೌಂಡಿಗೆ ಒರಗಿಕೊಂಡು, "ಬಲಗಡೆಯಿಂದ ತಿರುಗ್ಸಿ. ಅಲ್ಲ, ಎಡಗಡೆಯಿಂದ," ಎಂದು ದಾರಿ ತೋರಿಸುತ್ತಲೇ ಇದ್ದರು.

ಸಬ್ಬಸಿಗೆ ಸೊಪ್ಪು ಬೆರೆಸಿ ಉಂಡೆ ಕಟ್ಟಿದ್ದಾಯಿತು. ಒಲೆ ಹಚ್ಚಿದರೆ ಗ್ಯಾಸು ಒಮ್ಮೆ ನಿಟ್ಟುಸಿರು ಬಿಟ್ಟು ಆರಿತು.

"ಸೀಮೆಎಣ್ಣೆ ಸ್ಟೌ ಕೊಡ್ತೀನಿ," ಎಂದರು ವಿಷಯ ಕೇಳಿದ ಕರಿಬಸವಯ್ಯ, "ಆದ್ರೆ ನಮ್ಮನೇಲಿ ಇನ್ನೂ ಕಾಫಿ ಆಗಿಲ್ಲ ಕಣ್ರೀ. ಒಂದು ಚೊಂಬು ನೀರು ಕೊಟ್ಬುಡಿ."

ಚೊಂಬು ಆಚೆ ಹೋಯಿತು, ಸ್ಟೌ ಈಚೆ ಬಂತು. ಬಿಂದಿಗೆಯ ತಳದ ನೀರೆಲ್ಲ ಇಡ್ಲಿ ಪಾತ್ರೆ ಸೇರಿತು. ಉಂಡೆಗಳು ಬೆಂದು ಘಮ್ಮೆನ್ನುವ ಹೊತ್ತಿಗೆ ರುದ್ರಸ್ವಾಮಿಯವರು ಬೆವರೊರೆಸಿಕೊಳ್ಳುತ್ತಾ ಮೆಟ್ಟಿಲೇರಿದರು.

"ಎಲೆ ಹಾಕ್ಲಾ ಸಾರ್?"

"ಏನೂ ಬೇಡ ಕಣ್ರೀ. ಸೋಮವಾರ ಹೊತ್ತು ಮುಳುಗೋವರೆಗೂ ನಾನು ತಿನ್ನಲ್ಲ. ಬಿಸಿಲಲ್ಲಿ ಬಂದೆ, ಒಂದು ಲೋಟ ನೀರು ಕೊಡಿ, ಸಾಕು."

ನಾಗಾರ್ಜುನ ಶಿವಾನಿಯನ್ನು ನೋಡಿದ. ಶಿವಾನಿ ಇಡ್ಲಿ ಪಾತ್ರೆಯನ್ನು ನೋಡಿದಳು. ಬೇರೆ ದಾರಿಯಿರಲಿಲ್ಲ, ಅದರ ತಳದ ನೀರನ್ನೇ ಶೋಧಿಸಿ, ಆರಿಸಿ ತಂದುಕೊಟ್ಟಳು.

ಗೈಡು ಲೋಟ ಮೂಗಿನ ಹತ್ತಿರ ಹಿಡಿದು ತಡೆದರು. "ಇದೇನ್ರೀ, ನೀರಿಗೆ ಸಬ್ಬಸಿಗೆ ಸೊಪ್ಪಿನ ವಾಸನೆ?"

"ಬೆಳಗಿಂದ ಕರೆಂಟಿಲ್ಲ ಸಾರ್, ಅದಕ್ಕೇ," ಎಂದ ನಾಗಾರ್ಜುನ ತೊದಲುತ್ತಾ.

ರುದ್ರಸ್ವಾಮಿಯವರು ಲೋಟ ಕೆಳಗಿಟ್ಟು, ಸಹಿಗೆಂದು ಜೇಬಿನಿಂದ ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೇ ಸಿಕ್ಕಿಸಿಕೊಂಡರು.

"ಕರೆಂಟು ಹೋದ್ರೆ ನೀರಿಗೆ ಸಬ್ಬಸಿಗೆ ವಾಸನೆ ಬರುತ್ತಾ? ನಿಮ್ಮ ಪ್ರಬಂಧದಲ್ಲಿ ಈ ವಿಷಯ ಎಲ್ಲೂ ಇಲ್ವಲ್ರೀ. ಇನ್ನೊಂದು ವರ್ಷ ಕೂತು ಚೆನ್ನಾಗಿ ಅಧ್ಯಯನ ಮಾಡಿ, ಆಮೇಲೆ ಸಹಿ ನೋಡೋಣ."