ರೋಣದ ಗಜ, ಶಹರದ ಮೀಟರ್

ಈಜು ಅಂದ್ರ ನೀರಿಗೆ ಬೀಳೂದು, ದಂಡಿಗೆ ಬರೂದು, ಅದರಾಗೇನು ಲೆಕ್ಕ ಅಂತ ತಿಳಕೊಂಡಿದ್ದೆ ನಾನು. ರೋಣದ ಹೈಸ್ಕೂಲಿನ್ಯಾಗ ಡ್ರಿಲ್ ಮಾಸ್ತರ ಆದ ಮ್ಯಾಲೆ ಗೊತ್ತಾತು, ನೀರಾಗ ಮುಳುಗಿದವರಕಿಂತ ಲೆಕ್ಕದಾಗ ಮುಳುಗಿದವರ ಹೆಚ್ಚು. ಸರಕಾರ ಗಜ ತಗದು ಮೀಟರ್ ತಂದ ಆ ದಿನದಾಗ ಅಂತೂ ಒಂದು ಫಜೀತಿ ಮುಗಿಯೂದ್ರಾಗ ಇನ್ನೊಂದು ಬಾಗಿಲಿಗೆ ಬಂದು ನಿಲ್ಲತಿತ್ತು. ಹೇಳತೇನಿ, ನಗ್ರಿ. ಆದ್ರ ನಮ್ಮ ಎರಿ ಹೊಲದ ಮಂದಿ ಈಜಿನ್ಯಾಗ ಯಾರಿಗೂ ಕಮ್ಮಿ ಇಲ್ಲ, ಅದನ್ನ ಮೊದಲ ಹೇಳಿಬಿಡತೇನಿ. ಅಲ್ಲ ಅನ್ನೋವರು ನನ್ನ ಮುಂದ ಬಂದು ಅನ್ನಲಿ.

ಲಾಭದಿಂದ ಸುರು

ಬೆಳವಣಕಿಯ ಹುಡುಗ ಒಬ್ಬ ನಮ್ಮಲ್ಲಿ ಮ್ಯಾಟ್ರಿಕ್ ಓದತಿದ್ದ. ತೋಳು ಉದ್ದ, ಮಾತು ಕಮ್ಮಿ. ಊರ ಹೊಂಡಕ್ಕ ಜಿಗದಾ ಅಂದ್ರ ಮೆಟ್ಟಿಲ ಮ್ಯಾಲೆ ಅರಬಿ ಒಗಿಯೂ ಹೆಣ್ಮಕ್ಕಳೂ ಕೈ ನಿಲ್ಲಿಸಿ ನೋಡತಿದ್ರು. ಅವರಪ್ಪ ಮಾತ್ರ ಖಡಕ್ ಮನಿಷ್ಯಾ. ಜಿಲ್ಲೆದ ತಂಡಕ್ಕ ಆರಿಸಿ ಬಂದ್ರ ಕಾಲೇಜಿಗೆ ಕಳಸ್ತೇನಿ, ಇಲ್ಲಾಂದ್ರ ಮಳಿ ಬಿದ್ದ ಕೂಡಲೇ ಕೂರಿಗಿ ಹಿಡೀಬೇಕು ಅಂತ ಹೇಳಿಬಿಟ್ಟಿದ್ದ. ಹುಡುಗನಿಗೆ ಓದೋ ಆಸೆ ಭಾಳ ಇತ್ತು. ನೂರು ಗಜ ಎಂಬತ್ತು ಸೆಕೆಂಡಿನೊಳಗ ಈಜಿದ್ರ ಆಯ್ಕೆ ಅಂತ ಜಿಲ್ಲೆದವರು ಹೇಳಿದ್ರು.

ಹೊಂಡ ಅಳೀಬೇಕಲ್ಲ? ಸಾಲಿಯ ಟೇಪು ಇತ್ತು, ಆದ್ರ ಅದರ ಮೊದಲಿನ ತುಂಡು ಯಾವತ್ತೋ ಹರದು ಹೋಗಿತ್ತು. ಅದಕ್ಕ ಪ್ಯಾಟಿಯ ಅರಬಿ ಅಂಗಡಿ ಸಾವಕಾರರನ್ನ ಅವರ ಕಬ್ಬಿಣದ ಗಜದ ಸಮೇತ ಕರಕೊಂಡು ಬಂದ್ವಿ. ಧೋತರದ ಕಚ್ಚಿ ಬಿಗದು, ಅಂಗಡಿಯೊಳಗ ಪತ್ತಲ ಅಳದಂಗ ಮೆಟ್ಟಿಲಗುಂಟ ಅಳಕೋಂತ ಹೊಂಟ್ರು. ಕೈ ಎಷ್ಟು ಚುರುಕು ಅಂದ್ರ, ಗಜ ಎಲ್ಲಿ ಎತ್ತಿದ್ರು ಎಲ್ಲಿ ಇಟ್ರು ಕಾಣವಲ್ದು. ಇಪ್ಪತ್ತೈದು ಗಜ ಆದಲ್ಲಿ ನೀರಿಗೆ ಅಡ್ಡ ಒಂದು ಬಿದಿರಿನ ಗಳ ಕಟ್ಟಿದ್ವಿ. ಎರಡು ಸಲ ಹೋಗಿ ಬಂದು ಮಾಡಿದ್ರ ನೂರು.

ಆದ್ರ ನಮ್ಮ ಗಣಿತದ ಮಾಸ್ತರು ತಕರಾರು ತಗದ್ರು. ಸಾವಕಾರರು ಪ್ಯಾಟಿಯ ರೂಢಿಯಂಗ ಒಂದು ಅನ್ನೋ ಬದಲಿ "ಲಾಭ" ಅಂದು, ಆಮ್ಯಾಲೆ ಎರಡು, ಮೂರು ಅಂತ ಎಣಿಸಿದ್ರು.

"ನೀವು ಒಂದು ಅನ್ನಲೇ ಇಲ್ಲ. ನಿಮ್ಮ ಲಾಭ ಅಂದ್ರ ಒಂದೋ, ಸೊನ್ನೆಯೋ?" ಅಂದ್ರು ಮಾಸ್ತರು.

ಸಾವಕಾರರು ಗಜ ಬಗಲಾಗ ಹಿಡಕೊಂಡು ಅಂದ್ರು, "ಲಾಭ ಸೊನ್ನಿ ಆಗಿದ್ರ ನಾ ಅಂಗಡಿ ಯಾಕ ತೆರೀತಿದ್ನಿರಿ?"

ಡಾಕ್ಟ್ರ ಗಡಿಯಾರ

ಸೆಕೆಂಡ್ ಮುಳ್ಳು ಇದ್ದ ಗಡಿಯಾರ ಊರಾಗ ನಂಬೂವಂಥಾದ್ದು ಒಂದ, ದವಾಖಾನಿ ಡಾಕ್ಟ್ರದ್ದು. ಅವರು ಅದನ್ನ ಯಾರ ಕೈಯಾಗೂ ಕೊಡೂದಿಲ್ಲ. "ನಾನ ಬರತೇನಿ" ಅಂತ ಹೊಂಡಕ್ಕ ಬಂದ್ರು. ನಾ ಸೀಟಿ ಊದಿದೆ, ಹುಡುಗ ಜಿಗದ. ಡಾಕ್ಟ್ರು ಗಡಿಯಾರ ನೋಡಾಕ ಸುರು ಮಾಡಿದ್ರು, ಜೊತಿಗೆ ನನ್ನ ಮಣಿಕಟ್ಟು ಗಟ್ಟ್ಯಾಗಿ ಹಿಡಕೊಂಡ್ರು. ಯಾಕ್ರಿ ಅಂತ ಕೇಳಿದೆ. "ಸುಮ್ಮನಿರ್ರಿ, ಯಾರದಾರ ಕೈ ಹಿಡದ ಹೊರತು ನನಗ ಸೆಕೆಂಡ್ ಎಣಿಸಾಕ ಬರೂದಿಲ್ಲ" ಅಂದ್ರು.

ಹುಡುಗ ಗಳಕ್ಕ ಮುಟ್ಟಿ, ತಿರುಗಿ, ಮತ್ತ ಮುಟ್ಟಿ, ಕಡೀಕ ಗೋಡಿ ಹಿಡದ. ನನಗ ಎದಿ ಬಾಯಿಗೆ ಬಂದಿತ್ತು.

ಡಾಕ್ಟ್ರು ಕನ್ನಡಕ ಸರಿಮಾಡಿಕೊಂಡು ಹೇಳಿದ್ರು, "ಎಪ್ಪತ್ತೈದು ಸೆಕೆಂಡ್. ಹುಡುಗ ಭಾಳ ಚಲೋ ಅದಾನ. ನೀವು ಮಾತ್ರ ಉಪ್ಪು ಕಮ್ಮಿ ಮಾಡ್ರಿ."

ನರಗುಂದದ ಗುಣಾಕಾರ

ಅಷ್ಟರಾಗ ಮೀಟರ್ ಬಂತು. ಸುತ್ತಿನ ಡ್ರಿಲ್ ಮಾಸ್ತರರನ್ನೆಲ್ಲ ನರಗುಂದಕ್ಕ ಕರಸಿ, ಇನ್ನ ಮ್ಯಾಲೆ ಶಹರದ ಹೊಸಾ ಈಜುಗೊಳದಾಗ ನೂರು ಮೀಟರ್ ಆಯ್ಕೆ ಅಂದ್ರು. ಎಂಬತ್ತು ಸೆಕೆಂಡ್ ಮಾತ್ರ ಹಂಗ ಉಳೀತು. ದಾರಿ ಬೆಳೀತು, ಹೊತ್ತು ಬೆಳೀಲಿಲ್ಲ.

ನಮ್ಮ ಗಣಿತದ ಮಾಸ್ತರು ನನ್ನ ಸಂಗಡ ಬಂದಿದ್ರು. ಅಲ್ಲೇ ಕೂತು ಲೆಕ್ಕ ಹಾಕಿದ್ರು. ಮೀಟರ್ ಗಜಕಿಂತ ಮೂರು ಇಂಚಿನ ಮ್ಯಾಲೆ ಉದ್ದ. ನೂರು ಮೀಟರ್ ಅಂದ್ರ ನೂರಾ ಒಂಬತ್ತು ಗಜದ ಮ್ಯಾಲೆ. ಅಂದ್ಮ್ಯಾಲೆ ನಮ್ಮ ಹುಡುಗನ ಎಪ್ಪತ್ತೈದು ಎಂಬತ್ತೆರಡು ಆಕ್ಕೈತಿ. "ಹೋತು ನೋಡ್ರಿ" ಅಂದ್ರು.

ಮಗ್ಗಲದಾಗ ಗಜೇಂದ್ರಗಡದ ಮಾಸ್ತರು ಮಾತ್ರ ಖುಷಿಲೆ ಕೂತಿದ್ರು. ಅವರ ಹುಡುಗಂದೂ ಎಂಬತ್ತರ ಆಸುಪಾಸು ಇತ್ತು. ಅವರ ಲೆಕ್ಕ ಬ್ಯಾರೆ. "ಮೀಟರ್ ದೊಡ್ಡದು. ದೊಡ್ಡ ಕೋಲಿನಿಂದ ಅಳದ್ರ ನೂರು ಇದ್ದದ್ದು ತೊಂಬತ್ತೊಂದು ಆಕ್ಕೈತಿ. ನೂರು ಇಳದ ಮ್ಯಾಲೆ ಸೆಕೆಂಡೂ ಇಳೀಬೇಕಲ್ರಿ?" ಅಂದು ಎಪ್ಪತ್ಮೂರಕ್ಕ ತಂದು ನಿಲ್ಲಿಸಿದ್ರು. ಅದೂ ಸಾಲದ್ದಕ್ಕ, ತಾಳೆ ನೋಡತೇನಿ ಅಂತ ಎಪ್ಪತ್ಮೂರನ್ನ ಇನ್ನೊಂದು ಸಲ ಇಳಿಸಾಕ ಹತ್ತಿದ್ರು.

ಸಭಾ ನಡಸಾಕ ಬಂದ ಸಾಹೇಬರು ಎದ್ದು ಅವರ ಕೈ ಹಿಡಕೊಂಡ್ರು. "ಸಾಕ್ರಿ ಮಾಸ್ತರ. ಹಿಂಗ ಲೆಕ್ಕ ಮಾಡಕೋಂತ ಹೋದ್ರ ನಿಮ್ಮ ಹುಡುಗ ನೀರಿಗೆ ಇಳಿಯೂಕಿಂತ ಮೊದಲ ದಂಡಿ ಮುಟ್ಟತಾನ" ಅಂದ್ರು.

ಅಪ್ಪನ ಪ್ರಶ್ನೆ

ಸುದ್ದಿ ಬೆಳವಣಕಿಗೆ ಹೋತು. ಹುಡುಗನ ಅಪ್ಪ ಚಕ್ಕಡಿ ಹೂಡಿಕೊಂಡು ಸಾಲಿಗೆ ಬಂದ.

"ಹ್ಯಾಂಗ್ರಿ ಮಾಸ್ತರ? ನಿನ್ನಿ ತನಕ ಆರಿಸಿ ಬರತಾನ ಅಂದ್ರಿ. ಇವತ್ತು ಇಲ್ಲ ಅಂತೀರಿ. ನಡುವ ಹುಡುಗ ನೀರಿಗೆ ಇಳದೇ ಇಲ್ಲಲ್ರಿ?"

"ಸರಕಾರ ದಾರಿ ಉದ್ದ ಮಾಡೇತ್ರಿ" ಅಂದೆ.

ಆತ ತಲಿಯ ಪಟಗಾ ತಗದು ಮುಖ ಒರಸಿಕೊಂಡು ವಿಚಾರ ಮಾಡಿದ. "ಹಂಗಾದ್ರ ನನ್ನ ಹೊಲಾನೂ ಉದ್ದ ಮಾಡೇತೇನು ಒಂದಿಷ್ಟು ಕೇಳಿ ನೋಡ್ರಲ್ಲ" ಅಂದ.

ಶಹರದ ನೀರು

ಹೆಡ್ ಮಾಸ್ತರು ಹುಡುಗನ್ನ ಕಳಸೂದ ಬ್ಯಾಡ ಅಂದ್ರು. ನನಗ ಸಿಟ್ಟು ಬಂತು. "ಲೆಕ್ಕ ಸೋತೈತ್ರಿ, ಹುಡುಗ ಇನ್ನೂ ಸೋತಿಲ್ಲ" ಅಂದು ಕರಕೊಂಡ ಹೋದೆ. ಹುಡುಗನ ಅಪ್ಪನೂ ಬಂದ. ಸೋತದ್ದನ್ನ ಕಣ್ಣಾರೆ ನೋಡಾಕ ಗಣಿತದ ಮಾಸ್ತರೂ ಬಂದ್ರು.

ಈಜುಗೊಳದ ನೀರು ನೀಲಿ, ತಳ ಕಾಣತಿತ್ತು. ಗಡಿಯಾರ ಹಿಡಕೊಂಡು ನಿಂತ ಶಹರದ ಸಾಹೇಬರೊಬ್ಬರು ನನ್ನ ಊರು ಕೇಳಿ ನಕ್ಕರು. "ರೋಣದ ಕಡೆ ಕುಡಿಯಲಿಕ್ಕೇ ನೀರಿಲ್ಲಂತ, ಈಜು ಎಲ್ಲಿ ಕಲಿಸಿದ್ರಿ?"

"ಇದ್ದ ನೀರಿನ್ಯಾಗ ಕಲಿಸೇನ್ರಿ" ಅಂದೆ.

ಹುಡುಗ ನನ್ನ ಕಡೆ ನೋಡಿದ. "ನಿನ್ನ ಕೂರಿಗಿ ಎಲ್ಲೂ ಓಡಿ ಹೋಗೂದಿಲ್ಲ, ನೀ ಸುಮ್ಮನ ಈಜು" ಅಂದೆ. ಸೀಟಿ ಆತು. ನಮ್ಮ ಹೊಂಡದಾಗ ಹೋದಂಗ ಹೋದ, ಬಂದ. ಅವರಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದ. ಹುಡುಗ ಗೋಡಿ ಹಿಡದಾಗ ಸಾಹೇಬರು ತಮ್ಮ ಗಡಿಯಾರ ನೋಡಿದ್ರು, ಕಿವಿಗೆ ಹಚ್ಚಿ ಕೇಳಿದ್ರು, ಮತ್ತ ನೋಡಿದ್ರು. ಎಪ್ಪತ್ತಾರು.

ನನ್ನ ಹುಡುಗ ಆರಿಸಿ ಬಂದ. ನಾ ಅತ್ತೆ, ಅದರಾಗ ನಾಚಿಕಿ ಏನೈತಿ? ಅವರಪ್ಪ ಒದ್ದಿ ಮೈಯ ಮಗನ್ನ ತೆಕ್ಕಿ ಹಾಯ್ದು, "ಯಾವ ಕಾಲೇಜೋ ನೀನ ಹೇಳು" ಅಂದ. ಅಷ್ಟು ಹೆಮ್ಮೆ ನನ್ನ ಜನ್ಮದಾಗ ಇನ್ನೊಮ್ಮೆ ಬಂದಿಲ್ಲ.

ಗಣಿತದ ಮಾಸ್ತರಿಗೆ ಮಾತ್ರ ನಿದ್ದಿ ಹತ್ತಲಿಲ್ಲ. ಎಂಬತ್ತೆರಡು ಬರಬೇಕಾದಲ್ಲಿ ಎಪ್ಪತ್ತಾರು ಹ್ಯಾಂಗ ಬಂತು? ಊರಿಗೆ ಬಂದವರ, ಕಚೇರಿಗೆ ಹೊಸದಾಗಿ ಬಂದಿದ್ದ ಮೀಟರ್ ಕೋಲು ಇಸಕೊಂಡು ಹೊಂಡಕ್ಕ ಹೋದ್ರು. ಗೋಡಿಯಿಂದ ಗಳದ ತನಕ ಅಳದ್ರು. ಇಪ್ಪತ್ತೈದು ಗಜ ಇರಬೇಕಾದದ್ದು ಸರಿಯಾಗಿ ಇಪ್ಪತ್ತೈದು ಮೀಟರ್ ಇತ್ತು. ನಮ್ಮ ಹುಡುಗ ಮೊದಲಿಂದಲೂ ನೂರು ಮೀಟರ್ ಈಜಾಕ ಹತ್ತಿದ್ದ.

ಇಬ್ರೂ ಹೋಗಿ ಸಾವಕಾರರ ಅಂಗಡಿಯೊಳಗ ನಿಂತ್ವಿ. "ನಿಮ್ಮ ಗಜ ತಪ್ಪೈತ್ರಿ" ಅಂದ್ರು ಮಾಸ್ತರು.

ಸಾವಕಾರರು ಗಾದಿ ಬಿಟ್ಟು ಏಳಲಿಲ್ಲ. "ಗಜ ಸರಿ ಐತಿ. ಗಜ ಎತ್ತಿ ಇಡೂಮುಂದ ನಾಕು ಬೆರಳು ಬಿಟ್ಟು ಇಡತೇನಿ, ಗಿರಾಕಿಗೆ. ನಮ್ಮಪ್ಪನೂ ಹಂಗ ಅಳೀತಿದ್ದ."

"ಅದು ಅರಬಿಗೆ ಆತು. ಹೊಂಡಕ್ಕ ಯಾಕ ಬಿಟ್ರಿ?"

"ಸಾಲಿ ಮಂದಿ ಗಿರಾಕಿ ಅಲ್ಲೇನ್ರಿ?"

ಗಜಕ್ಕ ನಾಕು ಬೆರಳು ಕೂಡಿಸಿದ್ರ ಹತ್ರ ಹತ್ರ ಒಂದು ಮೀಟರ್ ಆಕ್ಕೈತಿ ಅಂತ ಮಾಸ್ತರು ಬಿಡಿಸಿ ಹೇಳಿದ್ರು. ಸಾವಕಾರರು ಎಲ್ಲಾ ಕೇಳಿ, ಪತ್ತಲ ಮಡಚಿಕೋಂತ ಅಂದ್ರು:

"ಹೌದೇನ್ರಿ? ಹಂಗಾದ್ರ ಮೀಟರ್ ನಾವು ಯಾವಾಗೋ ತಂದಿದ್ವಿ ಬಿಡ್ರಿ. ಅದಕ್ಕೊಂದು ಹೆಸರಿಡೂದು ಬಾಕಿ ಇತ್ತು, ಸರಕಾರ ಇಟ್ಟೈತಿ."