ತಂಗಿಯ ಪಂಪು, ನನ್ನ ಸುಣ್ಣ

ತಮ್ಮ ಸಾಧನೆಗೆ ತಾವೇ ಹೆಮ್ಮೆಪಡುವವರನ್ನು ಹೇಗೋ ಸಹಿಸಬಹುದು. ಒಡಹುಟ್ಟಿದವರ ಸಾಧನೆಗೆ ಹೆಮ್ಮೆಪಡುವವರ ಕೈಗೆ ಸಿಕ್ಕರೆ ಬಿಡುಗಡೆಯಿಲ್ಲ. ನಾನು ಆ ಎರಡನೇ ಜಾತಿ. ನಗರಗೆರೆ ಹತ್ತಿರದ ನಮ್ಮೂರಲ್ಲಿ ನನ್ನ ತಂಗಿ ಮಂಜುಳ ಹಸು ಕಟ್ಟಿ, ಹಾಲು ಕರೆಯುವ ಮಿಷನ್ ಹಾಕಿಸಿ, ಅದರ ಪಂಪನ್ನು ತಾನೇ ಬಿಚ್ಚಿ ತಾನೇ ಜೋಡಿಸುವುದನ್ನೂ ಕಲಿತಿದ್ದಾಳೆ. ಕಲಿತವಳು ಅವಳು, ಊರೆಲ್ಲ ಹೇಳಿಕೊಂಡು ತಿರುಗುವವನು ನಾನು.

ಪಂಪಿನ ಒಳಗೆ ಏನಿದೆ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಒಂದು ದುಂಡನೆಯ ಡಬ್ಬಿ. ಅದರೊಳಗೆ ತಿರುಗುವ ಒಂದು ಉರುಳೆ; ನಟ್ಟನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ಉರುಳೆಯಲ್ಲಿ ಸೀಳುಗಳು, ಸೀಳುಗಳಲ್ಲಿ ಸಡಿಲವಾಗಿ ಕೂತ ಪಟ್ಟಿಗಳು. ಜೋರಾಗಿ ತಿರುಗಿದಾಗ ಪಟ್ಟಿಗಳು ಹೊರಕ್ಕೆ ಚಿಮ್ಮಿ ಡಬ್ಬಿಯ ಒಳಮೈಯನ್ನು ಸವರುತ್ತಾ ಓಡುತ್ತವೆ. ಜಾಗ ಅಗಲವಾಗುವ ಕಡೆ ಗಾಳಿಯನ್ನು ಎಳೆದುಕೊಂಡು, ಇಕ್ಕಟ್ಟಾಗುವ ಕಡೆ ಹಿಂಡಿ ಹೊರಗೆ ತಳ್ಳುತ್ತವೆ. ಆ ಎಳೆತದಿಂದಲೇ ಹಸುವಿನ ಕೆಚ್ಚಲಿಗೆ ಹಾಕಿದ ಕಪ್ಪುಗಳಿಗೆ ಹಾಲು ಇಳಿಯುವುದು. ಕುಡುಮಲಕುಂಟೆಯ ಕಡೆ ಫ್ಯಾಕ್ಟರಿಗಳಲ್ಲಿ ತಿಂಡಿ ಪೊಟ್ಟಣದ ಗಾಳಿ ತೆಗೆಯುವುದೂ, ಫ್ರಿಜ್ ರಿಪೇರಿಯವನು ಗ್ಯಾಸ್ ತುಂಬುವ ಮೊದಲು ಕೊಳವೆ ಬರಿದು ಮಾಡುವುದೂ, ಡೀಸೆಲ್ ಕಾರಿನ ಬ್ರೇಕು ಕಾಲಿಗೆ ಹಗುರಾಗುವುದೂ ಇಂಥ ಪಂಪಿನ ದಯೆಯಿಂದಲೇ. ಚಿಂತಾಮಣಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಪಕ್ಕದವರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಪಾಯಸಕ್ಕೂ ಕಾಯದೆ ಎದ್ದರು.

ಕಳೆದ ತಿಂಗಳು ಪೆರೇಸಂದ್ರದ ಕಡೆಯಿಂದ ನಾಲ್ಕೈದು ಮನೆಯ ಹೆಂಗಸರು ಮಿಷನ್ ನೋಡಲು ಬರುವವರಿದ್ದರು. ಹಿಡಿಸಿದರೆ ತಾವೂ ಕೊಂಡು, ಅವುಗಳ ರಿಪೇರಿಯನ್ನು ಮಂಜುಳಳಿಗೇ ಒಪ್ಪಿಸುವ ಮಾತಾಗಿತ್ತು. ಅವಳಿಗೆ ಅದೇ ದೊಡ್ಡ ಆಸೆ. ನನ್ನ ಪಾಲಿನ ಸೇವೆಯೆಂದು ಕೊಟ್ಟಿಗೆಗೆ ಸುಣ್ಣ ಹೊಡೆದೆ. ಆ ಬಿಳುಪಿನ ಮೇಲೆ ಪಂಪಿನ ಹೊಗೆಕೊಳವೆ ಎಣ್ಣೆ ಉಗುಳುವುದು ಕಂಡು ಹೊಟ್ಟೆ ಉರಿಯಿತು. ಪಂಪಿನ ಮೇಲೊಂದು ಎಣ್ಣೆ ಬಾಟಲಿಯಿದೆ. ಅದರಿಂದ ಹನಿಹನಿಯಾಗಿ ಇಳಿದ ಎಣ್ಣೆ ಪಟ್ಟಿಗಳನ್ನು ಜಾರಿಸಿ, ಸಂದುಗಳನ್ನು ಮುಚ್ಚಿ, ಕೊನೆಗೆ ಹೊಗೆಯ ಜೊತೆ ಹೊರಬರುತ್ತದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ, ಒಂದು ಹೊತ್ತಿಗೆ ಏನಾದೀತು ಅಂದುಕೊಂಡು ತಿರುಪು ಬಿಗಿದು ಹನಿ ನಿಲ್ಲಿಸಿಬಿಟ್ಟೆ.

ಹೆಂಗಸರು ಬಂದು ಸಾಲಾಗಿ ನಿಂತರು. ಎರಡನೇ ಹಸು ಅರ್ಧ ಹಾಲು ಕೊಟ್ಟಿತ್ತು, ಪಂಪು ಕಿರ್ರೆಂದು ಕಿರುಚಿಕೊಂಡಿತು. ಕಪ್ಪುಗಳು ಹಿಡಿತ ಬಿಟ್ಟು ಒಂದೊಂದಾಗಿ ಕಳಚಿ ಬಿದ್ದವು.

"ಏಮಮ್ಮಾ ಮಂಜುಳಾ, ಇದು ಹಾಲು ಕರೆಯುತ್ತೋ, ಹಸೂನ ಹೆದರಿಸುತ್ತೋ?" ಅಂದರು ಅವರಲ್ಲಿ ಹಿರಿಯರಾದ ರತ್ನಮ್ಮ. "ನಮ್ಮ ಕೈಯೇ ವಾಸಿ ಕಣಮ್ಮ, ಕಿರುಚಲ್ಲ."

ಮಂಜುಳ ಪಂಪು ಆರಿಸಿ, ಮೊದಲು ಹಸುವನ್ನು ಕೈಯಲ್ಲೇ ಕರೆದು ಮುಗಿಸಿದಳು. ಆಮೇಲೆ ಎಣ್ಣೆ ಬಾಟಲಿ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. ನಾನು ಹಸುವನ್ನು ನೋಡಿದೆ.

"ನಮ್ಮಣ್ಣ ಬೇಕಂತಲೇ ಎಣ್ಣೆ ನಿಲ್ಲಿಸಿದ್ದು ರತ್ನಕ್ಕ," ಅಂದಳು. "ಎಣ್ಣೆ ಇಲ್ದಿದ್ರೆ ಏನಾಗುತ್ತೆ ಅಂತ ನಿಮಗೆ ಕಣ್ಣಾರೆ ತೋರಿಸೋಕೆ. ಅಲ್ವೇನಣ್ಣ?"

"ಹೂಂ," ಅಂದೆ. ಎಣ್ಣೆ ನಿಲ್ಲಿಸಿದ್ದು ದಡ್ಡತನ ಅನ್ನಿ, ಒಪ್ಪುತ್ತೇನೆ. ಈ 'ಹೂಂ' ಮಾತ್ರ ಇವತ್ತಿಗೂ ಗಂಟಲಲ್ಲಿ ಮುಳ್ಳಿನಂತೆ ಕೂತಿದೆ.

ಪಂಪು ತಣ್ಣಗಾದ ಮೇಲೆ ಅವಳು ಮುಚ್ಚಳ ಬಿಚ್ಚಿ, ಸೀಳುಗಳಲ್ಲಿ ಕಚ್ಚಿಕೊಂಡಿದ್ದ ಪಟ್ಟಿಗಳನ್ನು ಎಬ್ಬಿಸಿ, ಡೀಸೆಲ್ಲಿನಲ್ಲಿ ತೊಳೆದು ತೋರಿಸಿದಳು. ಮತ್ತೆ ಜೋಡಿಸಿ, ಎಣ್ಣೆ ಬಿಟ್ಟು ಓಡಿಸಿದಳು. ರಬ್ಬರ್ ಕೊಳವೆಯ ಬಾಯಿಗೆ ರತ್ನಮ್ಮನ ಅಂಗೈ ಇಡಿಸಿದರೆ ಅದು ಗಪ್ಪನೆ ಹಿಡಿದುಕೊಂಡಿತು. "ಅಬ್ಬಬ್ಬಾ, ಬಿಡ್ತಾನೇ ಇಲ್ವಲ್ಲೇ!" ಎಂದು ಅವರು ನಕ್ಕರು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ತಪ್ಪು ಯಾರದೆಂಬುದೇ ಗಳಿಗೆ ಹೊತ್ತು ಮರೆತುಹೋಯಿತು.

ಅವರೆಲ್ಲ ಮಿಷನ್ ಕೊಂಡರು, ರಿಪೇರಿ ಇವಳ ಪಾಲಿಗೇ ಬಂತು. ಹೋದ ಭಾನುವಾರ ಮೊದಲ ಸರ್ವೀಸಿಗೆ ಹೊರಟವಳ ಜೊತೆ ಸಾಮಾನಿನ ಚೀಲ ಹೊತ್ತು ನಾನೂ ಹೋದೆ. ರತ್ನಮ್ಮ ಅಕ್ಕಪಕ್ಕದವರನ್ನೆಲ್ಲ ಕೂಗಿ ಸೇರಿಸಿದರು: "ಇವರೇ ನೋಡ್ರಮ್ಮ, ತಮ್ಮ ಪಂಪನ್ನೇ ಕೆಡಿಸಿ ನಮಗೆ ಪಾಠ ಹೇಳಿದ ಮೇಷ್ಟ್ರು!"

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮಂಜುಳ ಪಕ್ಕಕ್ಕೆ ಬಂದು, "ಇವತ್ತಾದ್ರೂ ನಿಜ ಹೇಳ್ತೀಯೇನಣ್ಣ?" ಅಂತ ಪಿಸುಗುಟ್ಟಿದಳು. ಹೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಮೇಷ್ಟ್ರಿಗೆ ಅಂತ ಕುರ್ಚಿ ತಂದು ಹಾಕಿದರು.

ಕೂತುಬಿಟ್ಟೆ.